ನಂದಿ ಬುಡದ ರೈಲು: ಎಲ್ಲಿ ಇಳಿಯಬೇಕು, ಹೇಗೆ ವಾಪಸ್ ಬರಬೇಕು

ಬೆಂಗಳೂರಿನ ನೆಂಟರು ವರ್ಷಕ್ಕೆ ನಾಲ್ಕು ಸಲವಾದರೂ ಫೋನ್ ಮಾಡಿ ಕೇಳುತ್ತಾರೆ: "ನಂದಿಗೆ ರೈಲಲ್ಲಿ ಹೋಗ್ಬಹುದಂತೆ, ಹೌದಾ?" ಹೌದು, ಹೋಗಬಹುದು. ಆದರೆ ರೈಲು ಬೆಟ್ಟ ಹತ್ತುವುದಿಲ್ಲ. ಬುಡದಲ್ಲಿ ನಿಮ್ಮನ್ನು ಇಳಿಸಿ ತನ್ನ ಪಾಡಿಗೆ ಚಿಕ್ಕಬಳ್ಳಾಪುರಕ್ಕೆ ಹೋಗುತ್ತದೆ. ಅಲ್ಲಿಂದ ಮುಂದೆ ನಿಮ್ಮ ಕಾಲು, ನಿಮ್ಮ ಪಾಡು.

ನಾನು ಶಿಡ್ಲಘಟ್ಟದ ಕಡೆಯವನು. ಈ ಹಳಿಯ ಮೇಲೆ ಕೆಲಸಕ್ಕೂ ಓಡಾಡಿದ್ದೇನೆ, ಸುಮ್ನೆ ಕಿಟಕಿ ಪಕ್ಕ ಕೂರುವುದಕ್ಕೂ ಓಡಾಡಿದ್ದೇನೆ. ಫೋನಿನಲ್ಲಿ ಒಬ್ಬೊಬ್ಬರಿಗೂ ಹೇಳಿ ಸಾಕಾಗಿದೆ. ಅದಕ್ಕೇ ಒಂದೇ ಸಲ ಬರೆದುಬಿಡುತ್ತಿದ್ದೇನೆ.

ಮೊದಲೇ ಒಂದು ಮಾತು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ಘಾಟಿಯ ಹಾಗೆ ಇಲ್ಲಿ ಸಾಲು ಸಾಲು ಸುರಂಗ ಇಲ್ಲ, ಜಲಪಾತ ಇಲ್ಲ, ಹಸಿರು ಕಣಿವೆಯ ಮೇಲೆ ಎತ್ತರದ ಸೇತುವೆ ಇಲ್ಲ. ನಮ್ಮದು ಬಯಲುಸೀಮೆ. ಬೋಳು ಬಂಡೆಯ ಬೆಟ್ಟ, ಅದರ ಕೆಳಗೆ ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ ತೋಟ, ಕೆರೆ, ರಾಗಿ ಹೊಲ. ಬೆಟ್ಟ ಹಳಿಯ ಪಕ್ಕದಲ್ಲಿ ಬಂದು ನಿಲ್ಲುತ್ತದೆ, ಒಂದಷ್ಟು ದೂರ ಜೊತೆಗೇ ಬರುತ್ತದೆ. ಅದಿಷ್ಟು ಸಾಕು ಅನ್ನುವವರಿಗೆ ಈ ದಾರಿ.

ಹಳಿ ಎಲ್ಲಿಂದ ಎಲ್ಲಿಗೆ

ಯಲಹಂಕದಲ್ಲಿ ಶುರು. ಬೆಟ್ಟಹಲಸೂರು, ದೊಡ್ಡಜಾಲ, ವಿಮಾನ ನಿಲ್ದಾಣದ ಹಾಲ್ಟ್, ದೇವನಹಳ್ಳಿ, ಆವತಿಹಳ್ಳಿ, ವೆಂಕಟಗಿರಿಕೋಟೆ, ನಂದಿ ಹಾಲ್ಟ್, ಚಿಕ್ಕಬಳ್ಳಾಪುರ. ಅಲ್ಲಿಗೆ ಸುಮಾರು 46 ಕಿಲೋಮೀಟರ್. ಚಿಕ್ಕಬಳ್ಳಾಪುರದಲ್ಲಿ ಹಳಿ ಪೂರ್ವಕ್ಕೆ ತಿರುಗುತ್ತದೆ. ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ ದಾಟಿ ದಕ್ಷಿಣಕ್ಕೆ ಇಳಿದು ಕೋಲಾರ, ಬಂಗಾರಪೇಟೆ. ಎಲ್ಲ ಸೇರಿ ಸುಮಾರು 150 ಕಿಲೋಮೀಟರ್. ನಡುವೆ ಇನ್ನೂ ಸಣ್ಣಪುಟ್ಟ ಹಾಲ್ಟ್‌ಗಳಿವೆ. ಅಲ್ಲಿ ಊರವರು ಹತ್ತುತ್ತಾರೆ, ಊರವರು ಇಳಿಯುತ್ತಾರೆ, ಅಷ್ಟೇ.

ಹಳಿ ಹಾಕಿ ನೂರು ವರ್ಷದ ಮೇಲಾಯಿತು. ಬಂಗಾರಪೇಟೆಗೆ ಆಗ ಬೌರಿಂಗ್‌ಪೇಟೆ ಅಂತ ಹೆಸರು. ಅಲ್ಲಿಂದ ಕೋಲಾರಕ್ಕೆ 1913ರಲ್ಲಿ ಗಾಡಿ ಬಂತು. ನಂದಿ ಹಾಲ್ಟ್ ಕಟ್ಟಡ 1915ರದ್ದು. ಆಗ ಮೈಸೂರಿನ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ. ಅವರು ಹುಟ್ಟಿದ ಮುದ್ದೇನಹಳ್ಳಿ ಇದೇ ನಂದಿ ಬುಡದಲ್ಲಿದೆ. ಅಂದರೆ ದಿವಾನರ ಸ್ವಂತ ಊರಿನ ಪಕ್ಕದಲ್ಲೇ ಹಳಿ ಹಾದುಹೋಯಿತು! ಹಳಿಯ ಅಗಲ ಎರಡೂವರೆ ಅಡಿ. ನಮ್ಮ ತಾತ ಅದನ್ನು 'ಚಿಕ್ಕಗಾಡಿ' ಅನ್ನುತ್ತಿದ್ದರು. ಏರು ಬಂದರೆ ಹುಡುಗರು ಇಳಿದು ಜೊತೆಗೆ ನಡೆದು, ಮತ್ತೆ ಹತ್ತುತ್ತಿದ್ದರಂತೆ. ತಾತ ಸ್ವಲ್ಪ ಉಪ್ಪುಖಾರ ಹಚ್ಚಿ ಹೇಳುವ ಮನುಷ್ಯ, ಆದರೂ ಇದನ್ನು ನಾನು ನಂಬುತ್ತೇನೆ. ಚಿಕ್ಕಬಳ್ಳಾಪುರ–ಕೋಲಾರದ ನಡುವೆ ದೊಡ್ಡ ಹಳಿಯ ಮೇಲೆ ಗಾಡಿ ಓಡಲು 2013ರವರೆಗೆ ಕಾಯಬೇಕಾಯಿತು.

ಮೊದಲ ಕೆಲಸ: ವಾಪಸ್ ಗಾಡಿ ನೋಡಿ

ಎಲ್ಲರೂ ಹೋಗುವ ಗಾಡಿ ನೋಡುತ್ತಾರೆ. ತಪ್ಪು. ವಾಪಸ್ ಬರುವ ಗಾಡಿಯನ್ನು ಮೊದಲು ನೋಡಿ, ಅದರಿಂದ ಹಿಂದಕ್ಕೆ ಲೆಕ್ಕ ಹಾಕಿ.

ಯಾಕೆ ಅಂದರೆ ಇದು ಒಂಟಿ ಹಳಿ. ಗಾಡಿಗಳು ಕಮ್ಮಿ. ಚಿಕ್ಕಬಳ್ಳಾಪುರದವರೆಗೆ ಪರವಾಗಿಲ್ಲ, ಅದರಾಚೆ ದಿನಕ್ಕೆ ಕೈಬೆರಳಲ್ಲಿ ಎಣಿಸುವಷ್ಟೇ. ಹೆಚ್ಚಿನವು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುವವರಿಗಾಗಿ ಮಾಡಿದ ಗಾಡಿಗಳು. ಬೆಳಗ್ಗೆ ಬೆಂಗಳೂರಿನ ಕಡೆ, ಸಂಜೆ ಊರಿನ ಕಡೆ. ನೀವು ಅದಕ್ಕೆ ಉಲ್ಟಾ ಹೊರಟಿದ್ದೀರಿ ಅನ್ನೋದು ನೆನಪಿರಲಿ. ಕೆಲವು ಗಾಡಿಗಳಿಗೆ ಭಾನುವಾರ ರಜೆ. ಬೆಂಗಳೂರಿನವರು ಹೊರಡುವುದೇ ಭಾನುವಾರ! ಅದಕ್ಕೇ ಶನಿವಾರ ವಾಸಿ.

ನನಗೇ ಒಂದು ಸಲ ಆಗಿದೆ. ಒಂದು ಸಣ್ಣ ಹಾಲ್ಟ್‌ನಲ್ಲಿ ಇಳಿದು, ಕೆರೆ ಏರಿಯ ಮೇಲೆ ಆರಾಮಾಗಿ ಕೂತು ಕಡಲೆಕಾಯಿ ತಿಂದೆ. ಸಂಜೆ ಗಾಡಿ ಇದೆ ಅಂದುಕೊಂಡಿದ್ದೆ. ಇತ್ತು, ಆದರೆ ಭಾನುವಾರ ಬಿಟ್ಟು. ಅವತ್ತು ಭಾನುವಾರ. ಎಮ್ಮೆ ಹೊಡೆದುಕೊಂಡು ಬರುತ್ತಿದ್ದ ಅಜ್ಜಿಯೊಬ್ಬರು "ಇವತ್ತು ಗಾಡಿ ಇಲ್ಲ ಕಣಪ್ಪ, ಟಾರು ರೋಡಿಗೆ ನಡಿ" ಅಂದರು. ನಡೆದೆ. ಕತ್ತಲಾದ ಮೇಲೆ ಟೊಮೆಟೊ ಕ್ರೇಟು ತುಂಬಿದ ಟೆಂಪೋ ಒಂದು ಹತ್ತಿಸಿಕೊಂಡಿತು. ತಪ್ಪು ಪೂರ್ತಿ ನನ್ನದೇ.

ವೇಳೆ ನೋಡಲು 'ವೇರ್ ಈಸ್ ಮೈ ಟ್ರೇನ್' ಆ್ಯಪ್ ಸಾಕು, ಇಲ್ಲವೇ ರೈಲ್ವೆಯದೇ ಎನ್‌ಟಿಇಎಸ್ ಇದೆ. 139ಕ್ಕೂ ಫೋನ್ ಮಾಡಬಹುದು. ನೋಡಬೇಕಾದ್ದು ಮೂರು: ಗಾಡಿ ಅವತ್ತಿನ ವಾರ ಓಡುತ್ತದಾ, ನೀವು ಇಳಿಯುವ ಸ್ಟೇಷನ್ನಲ್ಲಿ ನಿಲ್ಲುತ್ತದಾ, ಬೆಂಗಳೂರಿನ ಯಾವ ಸ್ಟೇಷನ್ನಿಂದ ಹೊರಡುತ್ತದೆ. ಎರಡನೆಯದನ್ನು ಜನ ಮರೆಯುತ್ತಾರೆ. ಎಕ್ಸ್‌ಪ್ರೆಸ್ ಗಾಡಿ ನಂದಿ ಹಾಲ್ಟ್‌ನಲ್ಲಿ ನಿಲ್ಲುತ್ತದೆ ಅಂದುಕೊಂಡು ಹತ್ತಬೇಡಿ. ಸಾಧಾರಣ ಗಾಡಿಯೇ ನಿಮ್ಮ ಗಾಡಿ.

ಸ್ಟೇಷನ್ ಹೆಸರು ಹುಡುಕುವಾಗ ಒಂದು ತಮಾಷೆ. ಬಂಗಾರಪೇಟೆಯ ಕೋಡ್ ಈಗಲೂ ಬಿಡಬ್ಲ್ಯೂಟಿ. ಊರಿನ ಹೆಸರು ಬದಲಾಯಿತು, ಕೋಡ್‌ನಲ್ಲಿ ಬ್ರಿಟಿಷ್ ಅಧಿಕಾರಿ ಬೌರಿಂಗ್ ಸಾಹೇಬರು ಹಾಗೇ ಕೂತಿದ್ದಾರೆ. ಕೋಲಾರದ್ದು ಕೆಕ್ಯೂಜಡ್, ಅದರ ಲಾಜಿಕ್ ಕೇಳಬೇಡಿ.

ಎದುರಿನ ಗಾಡಿಗೆ ದಾರಿ ಬಿಡುವ ಕ್ರಾಸಿಂಗ್ ಬಿದ್ದರೆ ಗಾಡಿ ಹತ್ತೋ ಇಪ್ಪತ್ತೋ ನಿಮಿಷ ನಿಲ್ಲುತ್ತದೆ. ವಾಪಸ್ ಬರುವ ದಿನ ಸಂಜೆ ಬೇರೆ ಗಾಡಿಗೋ ವಿಮಾನಕ್ಕೋ ಟಿಕೆಟ್ ಮಾಡಿಸಿದ್ದರೆ ಈ ಸವಾರಿ ಬೇಡ.

ಟಿಕೆಟ್

ರಿಸರ್ವೇಷನ್ ಏನೂ ಬೇಡ. ಸಾಧಾರಣ ಗಾಡಿಯ ಕನಿಷ್ಠ ದರ 10 ರೂಪಾಯಿ. ಪೂರ್ತಿ ಸುತ್ತು ಹೊಡೆದರೂ ಬೆಂಗಳೂರಿನ ಒಂದು ಮಸಾಲೆ ದೋಸೆಯ ದುಡ್ಡು ಮುಟ್ಟುವುದು ಕಷ್ಟ.

ಕೌಂಟರ್‌ನಲ್ಲಿ ತಗೊಳ್ಳಿ, ಇಲ್ಲವೇ ರೈಲ್ವೆಯ ರೈಲ್‌ಒನ್ ಆ್ಯಪ್‌ನಲ್ಲಿ ಮಾಡಿ. ಆ್ಯಪ್ ಆದರೆ ಸ್ಟೇಷನ್ ಒಳಗೆ ಹೋಗುವ ಮುಂಚೆಯೇ ಮುಗಿಸಿ. ಹಳಿಯ ಪಕ್ಕದಲ್ಲೋ ಬೋಗಿಯೊಳಗೋ ನಿಂತು ಒತ್ತಿದರೆ ಅದು ಟಿಕೆಟ್ ಕೊಡುವುದಿಲ್ಲ. ಟಿಸಿ ಬಂದಾಗ "ಈಗ ಮಾಡ್ತಿದ್ದೆ ಸಾರ್" ಅನ್ನೋ ಮಾತಿಗೆ ಬೆಲೆ ಇಲ್ಲ. ಆರ್ಡಿನರಿ, ಮೇಲ್–ಎಕ್ಸ್‌ಪ್ರೆಸ್ ಅಂತ ಎರಡು ಆಯ್ಕೆ ಬರುತ್ತದೆ. ಆರ್ಡಿನರಿ ಟಿಕೆಟ್ ಇಟ್ಟುಕೊಂಡು ಎಕ್ಸ್‌ಪ್ರೆಸ್ ಹತ್ತಿದರೆ ದಂಡ.

ಇನ್ನೊಂದು ವಿಷಯ ಹೊಸಬರಿಗೆ ಗೊತ್ತಿರುವುದಿಲ್ಲ. ಇಷ್ಟು ಹತ್ತಿರದ ಟಿಕೆಟ್‌ನಲ್ಲಿ ನಡುವೆ ಇಳಿದು ಮತ್ತೆ ಹತ್ತುವ ಹಾಗಿಲ್ಲ. ಆ ಸವಲತ್ತು 500 ಕಿಲೋಮೀಟರ್ ದಾಟಿದ ಟಿಕೆಟ್‌ಗೆ ಮಾತ್ರ. ಯಲಹಂಕದಿಂದ ಕೋಲಾರಕ್ಕೆ ಟಿಕೆಟ್ ತಗೊಂಡು ನಂದಿಯಲ್ಲಿ ಇಳಿದರೆ ಅದು ಅಲ್ಲಿಗೇ ಮುಗೀತು. ಆದ್ದರಿಂದ ತುಂಡು ತುಂಡಾಗಿ ತಗೊಳ್ಳಿ. ಸಣ್ಣ ಸ್ಟೇಷನ್ನಿನ ಕಿಟಕಿ ಗಾಡಿಯ ಹೊತ್ತಿಗೆ ಮಾತ್ರ ತೆರೆದಿರುತ್ತದೆ, ಹಾಗಾಗಿ ಫೋನಿನಲ್ಲಿ ಆ್ಯಪ್ ಇರಲಿ, ಜೇಬಿನಲ್ಲಿ ಹತ್ತರ ನೋಟುಗಳೂ ಇರಲಿ. ಟಿಕೆಟ್ ತಗೊಂಡ ಮೂರು ಗಂಟೆಯೊಳಗೆ ಹೊರಡಬೇಕು ಅನ್ನೋ ನಿಯಮವೂ ಇದೆ. ಬೆಳಗ್ಗೆಯೇ ಸಂಜೆಯ ಟಿಕೆಟ್ ಮಾಡಿ ಇಟ್ಟುಕೊಳ್ಳಲು ಹೋಗಬೇಡಿ.

ಯಾವಾಗ, ಯಾವ ಕಿಟಕಿ

ಬೆಂಗಳೂರಿನಿಂದ ಹೊರಟರೆ ಎಡಗಡೆ ಕೂರಿ. ನಂದಿ ಹಳಿಗೆ ಪಶ್ಚಿಮಕ್ಕಿದೆ. ವೆಂಕಟಗಿರಿಕೋಟೆ ದಾಟಿದ ಮೇಲೆ ಬೆಟ್ಟ ಪೂರ್ತಿ ಕಾಣುತ್ತದೆ. ಬೆಳಗಿನ ಬಿಸಿಲು ಬಂಡೆಯ ಮುಖಕ್ಕೆ ನೇರ ಬೀಳುವುದರಿಂದ ಬೆಳಗಿನ ಗಾಡಿಯೇ ಚೆಂದ. ಸಂಜೆ ವಾಪಸ್ ಬರುವಾಗ ಬಲಗಡೆ ಕೂತರೆ ಬೆಟ್ಟ ಕಪ್ಪಗೆ, ಅದರ ಹಿಂದೆ ಆಕಾಶ ಕೆಂಪಗೆ.

ಫೋಟೊ ತೆಗೆಯುವವರು ಗಮನಿಸಿ: ಹಳಿಗೆ ಈಗ ವಿದ್ಯುತ್ ಬಂದಿದೆ. ಕಂಬ, ತಂತಿ ಎಲ್ಲ ಚೌಕಟ್ಟಿನೊಳಗೆ ಬರುತ್ತವೆ. ಬೈದುಕೊಂಡು ಪ್ರಯೋಜನವಿಲ್ಲ. ಬಾಗಿಲಿನಲ್ಲಿ ನೇತಾಡಿ ತಂತಿ ತಪ್ಪಿಸಲು ಹೋದರೆ ಕಂಬ ತಪ್ಪುವುದಿಲ್ಲ.

ಕಾಲದ ವಿಷಯಕ್ಕೆ ಬಂದರೆ, ಎಲ್ಲರೂ ಮಂಜಿಗೆ ಅಂತ ನವೆಂಬರಿನಿಂದ ಜನವರಿಯವರೆಗೆ ಬರುತ್ತಾರೆ. ನನ್ನ ಆಯ್ಕೆ ಸೆಪ್ಟೆಂಬರ್, ಅಕ್ಟೋಬರ್. ಮಳೆ ಬಿದ್ದು ರಾಗಿ ಎದ್ದಿರುತ್ತದೆ, ಬಂಡೆಯ ಮೇಲೆ ನೀರು ಜಾರಿದ ಗೆರೆ ಹೊಳೆಯುತ್ತಿರುತ್ತದೆ. ಡಿಸೆಂಬರಿನಲ್ಲಿ ಬಂದರೆ ಅವರೆಕಾಯಿ ಕಾಲ. ಬೋಗಿಯಲ್ಲಿ ಒಂದು ಚೀಲವಾದರೂ ಇರುತ್ತದೆ, ಸೊಗಡು ಆ ತುದಿಯಿಂದ ಈ ತುದಿಗೆ. ಫೆಬ್ರವರಿ, ಮಾರ್ಚ್ ದ್ರಾಕ್ಷಿಗೆ. ಮೇ, ಜೂನ್ ಶ್ರೀನಿವಾಸಪುರದ ಮಾವಿಗೆ. ಏಪ್ರಿಲ್ ಮಧ್ಯಾಹ್ನ ಮಾತ್ರ ಬೇಡ. ಬೋಗಿ ಕಾದ ಹೆಂಚು.

ಯಲಹಂಕದಿಂದ ದೇವನಹಳ್ಳಿ: ಪೇಪರ್ ಓದಿಕೊಳ್ಳಿ

ಇಷ್ಟು ದೂರ ನೋಡಲು ಅಂಥದ್ದೇನಿಲ್ಲ, ನಿಜ ಹೇಳಬೇಕಲ್ಲ. ಲೇಔಟು, ಕಾಂಪೌಂಡು, ಮತ್ತೆ ಲೇಔಟು. ಬೆಟ್ಟಹಲಸೂರಿನ ಕಡೆ ಕಲ್ಲು ಕ್ವಾರಿಗಳ ಗುರುತು. ದೊಡ್ಡಜಾಲದಲ್ಲಿ ಮಾತ್ರ ತಲೆ ಎತ್ತಿ. ಚಿಕ್ಕಗಾಡಿ ಕಾಲದ ಹೆಂಚಿನ ಕಟ್ಟಡ ಅಲ್ಲಿದೆ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್, ಈ ನಾಲ್ಕೂ ಒಂದೇ ಕಾಲದ ಸ್ಟೇಷನ್‌ಗಳು. ಇವನ್ನು ಉಳಿಸಿಕೊಳ್ಳಬೇಕು ಅಂತ ಹಳೆಯ ಕಟ್ಟಡಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕ ರೈಲ್ವೆ ಜೊತೆ ಸೇರಿ ಕೆಲಸಕ್ಕೆ ಕೈಹಾಕಿತು.

ವಿಮಾನ ನಿಲ್ದಾಣದ ಹಾಲ್ಟ್ ಶುರುವಾದದ್ದು 2021ರ ಜನವರಿಯಲ್ಲಿ. ಸೂಟ್‌ಕೇಸ್ ಹಿಡಿದವರಿಗಿಂತ ಅಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಹುಡುಗ ಹುಡುಗಿಯರೇ ಜಾಸ್ತಿ ಇಳಿಯುತ್ತಾರೆ.

ದೇವನಹಳ್ಳಿಯಲ್ಲಿ ಕೋಟೆ ಇದೆ, ಟಿಪ್ಪು ಹುಟ್ಟಿದ ಜಾಗ ಇದೆ, ಚಕ್ಕೋತ ಇದೆ. ಇಲ್ಲಿನ ಚಕ್ಕೋತಕ್ಕೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಸಿಕ್ಕಿದೆ. ಕೋಟೆಯನ್ನು ಅರ್ಧ ದಿನದಲ್ಲಿ ನೋಡಬಹುದು. ಆದರೆ ಅದಕ್ಕೆ ಬಸ್ಸೇ ಸಲೀಸು, ರೈಲಿನ ದಿನವನ್ನು ಅಲ್ಲಿ ಕಳೆಯಬೇಡಿ.

ಮುಂದಿನದು ಆವತಿಹಳ್ಳಿ. ಆವತಿ ನಾಡಪ್ರಭುಗಳ ಮೂಲ ಊರು ಇದೇ. ಚಿಕ್ಕಬಳ್ಳಾಪುರ ಆಳಿದ ಪಾಳೇಗಾರರೂ ಇದೇ ಮನೆತನದ ಕವಲು. ಗಾಡಿ ಒಂದು ನಿಮಿಷ ನಿಂತು ಹೊರಡುತ್ತದೆ. ಇಲ್ಲಿಂದ ಪೇಪರ್ ಮಡಚಿಡಿ.

ನಂದಿ ಹಾಲ್ಟ್: ಒಂದೇ ಕಡೆ ಇಳಿಯುವುದಾದರೆ ಇಲ್ಲೇ

ಒಂದು ದಿನಕ್ಕೆ ಒಂದೇ ಸ್ಟೇಷನ್. ಇದು ನನ್ನ ಹಟ. ಎರಡು ಮೂರು ಕಡೆ ಇಳಿದು ಹತ್ತೋಣ ಅಂದುಕೊಂಡವರು ಕೊನೆಗೆ ಎಲ್ಲೂ ಏನೂ ನೋಡದೆ ಫೋನಿನಲ್ಲಿ ಗಾಡಿ ಎಲ್ಲಿದೆ ಅಂತ ನೋಡುತ್ತಾ ಕೂರುತ್ತಾರೆ. ಮೊದಲ ಸಲ ಬರುವವರಿಗೆ ಆ ಒಂದು ಸ್ಟೇಷನ್ ನಂದಿ ಹಾಲ್ಟ್.

ಇಳಿಯುವ ಮುಂಚೆ ತಯಾರಾಗಿ. ನಿಲ್ಲುವುದು ಒಂದು ನಿಮಿಷ. ಬೋಗಿಯ ಮೆಟ್ಟಿಲಿಗೂ ಪ್ಲಾಟ್‌ಫಾರಂಗೂ ನಡುವೆ ಅಂತರ ಇರುತ್ತದೆ, ವಯಸ್ಸಾದವರಿದ್ದರೆ ಒಬ್ಬರು ಮೊದಲು ಇಳಿದು ಕೈ ಕೊಡಿ. ಯಾವಾಗಲೂ ನಡುವಿನ ಬೋಗಿಯಲ್ಲಿ ಕೂರಿ. ತುದಿಯ ಬೋಗಿ ಸಣ್ಣ ಸ್ಟೇಷನ್‌ಗಳಲ್ಲಿ ಪ್ಲಾಟ್‌ಫಾರಂ ಆಚೆ ನಿಂತುಬಿಟ್ಟರೆ ಜಲ್ಲಿಯ ಮೇಲೆ ಹಾರಬೇಕಾಗುತ್ತದೆ. ಬೆಂಗಳೂರಿನಲ್ಲೇ ಬಾತ್‌ರೂಮ್ ಕೆಲಸ ಮುಗಿಸಿ ಹತ್ತಿ, ಸಣ್ಣ ಸ್ಟೇಷನ್ನನ್ನು ನಂಬಿಕೊಳ್ಳಬೇಡಿ.

ಗಾಡಿ ಹೋದ ಮೇಲೆ ತಕ್ಷಣ ಹೊರಡಬೇಡಿ. ಐದು ನಿಮಿಷ ಸುಮ್ನೆ ನಿಲ್ಲಿ. ಕಲ್ಲಿನ ಕಟ್ಟಡ, ಮಂಗಳೂರು ಹೆಂಚು, ಮರದ ನೆರಳು, ಎದುರಿಗೆ ಬೆಟ್ಟ. ಗಾಡಿಯ ಸದ್ದು ಚಿಕ್ಕಬಳ್ಳಾಪುರದ ಕಡೆ ಕರಗುವವರೆಗೆ ಕೇಳಿಸುತ್ತಿರುತ್ತದೆ. ಬೆಟ್ಟದ ತುದಿಯಲ್ಲಿ ಸೂರ್ಯೋದಯಕ್ಕೆ ಕಾರು ಕಾರು ಅಂತ ಸಾಲು ನಿಂತಿರುವಾಗ ಇಲ್ಲಿ ಬುಡದಲ್ಲಿ ನಾಲ್ಕು ಜನ ಇರುವುದಿಲ್ಲ. ನನ್ನ ಕೇಳಿದರೆ ಮೇಲಿನ ನಂದಿಗಿಂತ ಕೆಳಗಿನ ನಂದಿಯೇ ಒಂದು ಕೈ ಮೇಲು.

ಇಲ್ಲಿಂದ ಮುಂದೆ ಎರಡು ದಾರಿ.

ಮಕ್ಕಳು, ಅಪ್ಪ ಅಮ್ಮ ಜೊತೆಗಿದ್ದರೆ: ಒಂದೂವರೆ ಎರಡು ಕಿಲೋಮೀಟರ್ ನಡೆದರೆ ನಂದಿ ಗ್ರಾಮ. ಸ್ಟೇಷನ್ ಮುಂದೆ ಆಟೋ ಕಾದಿರುತ್ತದೆ ಅಂದುಕೊಳ್ಳಬೇಡಿ, ನಡೆಯುವ ಲೆಕ್ಕದಲ್ಲೇ ಬನ್ನಿ. ಊರಿನಲ್ಲಿ ಭೋಗನಂದೀಶ್ವರ ದೇವಸ್ಥಾನ. ಒಂಬತ್ತನೆಯ ಶತಮಾನದ ನೊಳಂಬರ ಕಾಲದಿಂದ ಶುರುವಾಗಿ, ಬಾಣರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರಾದ ಮೇಲೆ ಒಬ್ಬರು ಕೈ ಆಡಿಸಿದ ಗುಡಿ. ಅರುಣಾಚಲೇಶ್ವರ, ಭೋಗನಂದೀಶ್ವರ ಎರಡು ದೊಡ್ಡ ಗುಡಿಗಳು ಅಕ್ಕಪಕ್ಕ, ನಡುವೆ ಉಮಾಮಹೇಶ್ವರ. ನಡುವಿನ ಕಲ್ಯಾಣ ಮಂಟಪದ ಕಂಬಗಳನ್ನು ಹತ್ತಿರ ನಿಂತು ನೋಡಿ, ಕಪ್ಪು ಕಲ್ಲಿನಲ್ಲಿ ಗಿಳಿ, ಬಳ್ಳಿ ಎಲ್ಲ ಇವೆ. ಪಕ್ಕದ ಬಾಗಿಲು ದಾಟಿದರೆ ಶೃಂಗಿತೀರ್ಥದ ಕಲ್ಯಾಣಿ. ನಾಲ್ಕು ಕಡೆಯೂ ಮೆಟ್ಟಿಲು, ಸುತ್ತ ಮಂಟಪ. ಬಿಸಿಲು ಏರಿದಾಗ ಅಲ್ಲಿ ಕೂತರೆ ಏಳಲು ಮನಸ್ಸು ಬರುವುದಿಲ್ಲ. ಶಿವರಾತ್ರಿಯ ಜಾತ್ರೆಗೆ ಜೋಡಿ ತೇರು ಎಳೆಯುತ್ತಾರೆ. ಆಗ ಬೇಕಾದರೆ ಜಾತ್ರೆಗೆ ಬನ್ನಿ, ಗುಡಿ ನೋಡಲು ಬರಬೇಡಿ. ಜನವರಿ ಒಂದಕ್ಕೂ ಅಷ್ಟೇ, ಬೆಂಗಳೂರು ಅರ್ಧ ಇಲ್ಲೇ ಇರುತ್ತದೆ.

ಮಂಡಿ ಗಟ್ಟಿ ಇದ್ದವರಿಗೆ: ನಂದಿ ಗ್ರಾಮದ ಆಚೆ ಸುಲ್ತಾನಪೇಟೆ. ಅಲ್ಲಿಂದ ಹಳೆಯ ಕಲ್ಲು ಮೆಟ್ಟಿಲು ಬೆಟ್ಟದ ಮೇಲಕ್ಕೆ ಹೋಗುತ್ತದೆ. ಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1,478 ಮೀಟರ್. ಸಾಧಾರಣ ನಡೆಯುವವರಿಗೆ ಹತ್ತಲು ಒಂದೂವರೆಯಿಂದ ಎರಡು ಗಂಟೆ ಬೇಕು. ನೀರು ಕೆಳಗೇ ತುಂಬಿಸಿಕೊಳ್ಳಿ, ಒಬ್ಬರಿಗೆ ಎರಡು ಲೀಟರ್ ಜಾಸ್ತಿ ಏನಲ್ಲ. ತಿಂಡಿ ಚೀಲದೊಳಗಿರಲಿ, ಕೈಯಲ್ಲಿ ಬೇಡ. ಕೋತಿಗಳು ನಮ್ಮ ನೆಂಟರಿಗಿಂತ ಚುರುಕು. ಮಳೆ ಬಂದ ದಿನ ಮೆಟ್ಟಿಲು ಜಾರುತ್ತದೆ, ಅವತ್ತು ಕೆಳಗಿನ ಗುಡಿಯೇ ಸಾಕು. ಮೇಲೆ ಯೋಗನಂದೀಶ್ವರ ಗುಡಿ, ಟಿಪ್ಪು ಡ್ರಾಪ್ ಅನ್ನೋ ಕಡಿದಾದ ಬಂಡೆ, ಅಮೃತ ಸರೋವರ. ಪಾಲಾರ್, ಪೆನ್ನಾರ್, ಅರ್ಕಾವತಿ, ಚಿತ್ರಾವತಿ ಎಲ್ಲ ಈ ಬೆಟ್ಟಸಾಲಿನಲ್ಲೇ ಹುಟ್ಟುತ್ತವೆ. ಇಷ್ಟೊಂದು ನದಿ ಹುಟ್ಟಿಸಿಯೂ ನಮಗೆ ಕುಡಿಯಲು ಬೋರ್‌ವೆಲ್ಲೇ ಗತಿ!

ಲೆಕ್ಕ ಹೀಗಿಡಿ: ಹತ್ತಲು ಎರಡು ಗಂಟೆ, ಮೇಲೆ ಎರಡು ಗಂಟೆ, ಇಳಿಯಲು ಒಂದೂವರೆ, ಸ್ಟೇಷನ್ನಿಗೆ ನಡೆಯಲು ಒಂದು. ಆರೂವರೆ ಗಂಟೆ ಆಯಿತು. ವಾಪಸ್ ಗಾಡಿಗೆ ಅರ್ಧ ಗಂಟೆ ಮುಂಚೆ ಸ್ಟೇಷನ್ನಲ್ಲಿರಬೇಕು. ಈಗ ಅರ್ಥ ಆಯಿತಲ್ವಾ, ಹಿಂದಿನಿಂದ ಲೆಕ್ಕ ಹಾಕಿ ಅಂತ ಯಾಕೆ ಹೇಳಿದೆ? ಗಾಡಿ ತಪ್ಪಿದರೂ ಗಾಬರಿ ಬೇಡ. ನಂದಿ ಗ್ರಾಮದಿಂದ ಚಿಕ್ಕಬಳ್ಳಾಪುರಕ್ಕೆ ಬಸ್ಸು, ಆಟೋ ಸಿಗುತ್ತದೆ. ಅಲ್ಲಿಂದ ಬೆಂಗಳೂರಿಗೆ ಬಸ್ಸಿಗೆ ಬರವಿಲ್ಲ.

ಮುದ್ದೇನಹಳ್ಳಿಗೂ ಹೋಗಬೇಕು ಅನ್ನುವವರು ನಂದಿ ಗ್ರಾಮದಿಂದ ಆಟೋ ಮಾತಾಡಿಕೊಳ್ಳಿ. ಸರ್ ಎಂ.ವಿ. ಅವರ ಮನೆ ಈಗ ಸಂಗ್ರಹಾಲಯ, ಸಮಾಧಿಯೂ ಅಲ್ಲೇ. ಗುಡಿಯ ಜೊತೆ ಇದನ್ನು ಸೇರಿಸಬಹುದು, ಬೆಟ್ಟದ ಜೊತೆ ಆಗುವುದಿಲ್ಲ.

ಚಿಕ್ಕಬಳ್ಳಾಪುರ

ಕಿಟಕಿಯಿಂದ ನೋಡಲು ಚೆನ್ನ. ನಂದಿ ದಾಟಿದ ಕೂಡಲೇ ಎಡಕ್ಕೆ ಸ್ಕಂದಗಿರಿ, ಅದನ್ನೇ ನಾವು ಕಳವಾರ ಬೆಟ್ಟ ಅನ್ನುವುದು. ಅದನ್ನು ಹತ್ತಲು ಅರಣ್ಯ ಇಲಾಖೆಯಲ್ಲಿ ಮುಂಚೆಯೇ ಆನ್‌ಲೈನ್ ಬುಕ್ ಮಾಡಬೇಕು. ಸುಮ್ನೆ ಬಂದು ಗೇಟಿನಲ್ಲಿ ವಾದ ಮಾಡಬೇಡಿ. ಚಾರಣ ಬೆಳಗಿನ ಜಾವ ಶುರುವಾಗುವುದರಿಂದ ಅದಕ್ಕೆ ರೈಲಿನ ವೇಳೆ ಹೊಂದುವುದಿಲ್ಲ, ಹಿಂದಿನ ದಿನವೇ ಬಂದು ಉಳಿಯಬೇಕು.

ಊರಿನ ಹತ್ತಿರದ ಕಂದವಾರ ಕೆರೆ ತುಂಬಿದ್ದರೆ ನೋಡಿ. ಅದಕ್ಕೆ ಬರುತ್ತಿರುವುದು ಬೆಂಗಳೂರಿನ ಕೊಳಚೆಯನ್ನು ಶುದ್ಧ ಮಾಡಿ ಬಿಡುವ ಹೆಬ್ಬಾಳ–ನಾಗವಾರ ಕಣಿವೆಯ ನೀರು. ಆ ಕಡೆ ಕೋಲಾರದ ಕೆರೆಗಳಿಗೆ ಬರುವುದು ಕೋರಮಂಗಲ–ಚಲ್ಲಘಟ್ಟ ಕಣಿವೆಯದು. ಈ ಹಳಿಯುದ್ದಕ್ಕೂ ಕಾಣುವ ತುಂಬಿದ ಕೆರೆಗಳ ಹಿಂದೆ ಆ ಕತೆ ಇದೆ. ಒಳ್ಳೆಯದಾಯಿತಾ ಕೆಟ್ಟದ್ದಾಯಿತಾ ಅಂತ ನಮ್ಮ ಬೋಗಿಯಲ್ಲಿ ದಿನಾ ಜಗಳ ಆಗುತ್ತದೆ. ಕೂತು ಕೇಳಿ.

ಶಿಡ್ಲಘಟ್ಟ: ನಮ್ಮೂರು, ಸ್ವಲ್ಪ ಜಾಸ್ತಿ ಹೇಳುತ್ತೇನೆ

ಇಲ್ಲಿ ಬೆಟ್ಟ ದೂರ ಸರಿಯುತ್ತದೆ. ಹಳಿಯ ಎರಡೂ ಕಡೆ ಹಿಪ್ಪುನೇರಳೆ. ತೋಟದ ನಡುವೆ ಉದ್ದುದ್ದ ರೇಷ್ಮೆ ಹುಳು ಮನೆಗಳು. ಮನೆ ಮುಂದೆ ಬಿದಿರಿನ ಚಂದ್ರಂಕಿ (ಹುಳು ಗೂಡು ಕಟ್ಟುವ ತಟ್ಟೆ) ಒರಗಿಸಿದ್ದರೆ ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತು ಅಂತ ತಿಳಿಯಿರಿ. ಅಂಥ ಮನೆಯವರನ್ನು ಮಾತಾಡಿಸಲು ಹೋಗಬೇಡಿ, ಅವರಿಗೆ ಊಟಕ್ಕೂ ಪುರಸೊತ್ತು ಇರುವುದಿಲ್ಲ.

ನೋಡಬೇಕಾದ್ದು ರೇಷ್ಮೆ ಗೂಡಿನ ಮಾರುಕಟ್ಟೆ. ಬೆಳಗ್ಗೆಯೇ ಹೋಗಬೇಕು. ಆದ್ದರಿಂದ ಬೆಳಗಿನ ಮೊದಲ ಗಾಡಿಯಲ್ಲದಿದ್ದರೆ ಇಳಿಯುವುದೇ ಬೇಡ. ರೈತರು ಗೂಡು ತಂದು ಸುರಿಯುತ್ತಾರೆ, ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳು ಒಂದು ಹಿಡಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಲ್ಲಿ ಒತ್ತಿ ನೋಡುತ್ತಾರೆ. ಹರಾಜು ಈಗ ಮೊಬೈಲಿನಲ್ಲಿ ನಡೆಯುತ್ತದೆ, ಕೂಗಾಟ ಇಲ್ಲ. ಆದರೂ ಮುಖ ನೋಡಿದರೆ ರೇಟು ಏರಿತಾ ಇಳಿಯಿತಾ ಗೊತ್ತಾಗುತ್ತದೆ. ನೀವು ಗೂಡು ಮುಟ್ಟಬೇಡಿ, ದಾರಿಗೆ ಅಡ್ಡ ನಿಲ್ಲಬೇಡಿ, ಫೋಟೊಗೆ ಕೇಳಿ ತೆಗೆಯಿರಿ. ಊರೊಳಗೆ ಬಂದರೆ ಗೂಡು ಬೇಯಿಸುವ ವಾಸನೆ ಮೂಗಿಗೆ ಬಡಿಯುತ್ತದೆ. ಹೊಸಬರು ಕರ್ಚೀಫ್ ಹಿಡಿಯುತ್ತಾರೆ. ನಮಗೆ ಅದು ಊರು ಬಂತು ಅನ್ನೋ ವಾಸನೆ.

ಚಿಂತಾಮಣಿ, ಶ್ರೀನಿವಾಸಪುರ

ಇಲ್ಲಿಂದಾಚೆ ಬೋಗಿಯಲ್ಲಿ ಅರ್ಧ ಮಾತು ತೆಲುಗು. ಒಬ್ಬರೇ ಒಂದೇ ವಾಕ್ಯದಲ್ಲಿ ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸುತ್ತಾರೆ. ಚಿಂತಾಮಣಿಯ ಸುತ್ತ ಮತ್ತೆ ಬಂಡೆ ಬೆಟ್ಟಗಳು. ಅಂಬಾಜಿದುರ್ಗ, ಕೈಲಾಸಗಿರಿ ಇಲ್ಲಿಯವೇ. ಇಳಿಯುವುದಾದರೆ ಕೈವಾರಕ್ಕೆ ಹೋಗಿ, ಬಸ್ ಸ್ಟ್ಯಾಂಡಿನಿಂದ ಬಸ್ಸುಗಳಿವೆ. ಕನ್ನಡ, ತೆಲುಗು ಎರಡರಲ್ಲೂ ಹಾಡಿದ ಯೋಗಿ ನಾರೇಯಣರ ಊರು, ನಮ್ಮ ಕಡೆ ಅವರು ಕೈವಾರ ತಾತಯ್ಯ. ಭೀಮ ಬಕಾಸುರನನ್ನು ಕೊಂದದ್ದೂ ಇಲ್ಲೇ ಅಂತ ಊರವರು ಬೆಟ್ಟ ತೋರಿಸುತ್ತಾರೆ.

ಶ್ರೀನಿವಾಸಪುರ ಅಂದರೆ ಮಾವು. ಸೀಸನ್ನಿನಲ್ಲಿ ಮಂಡಿಗಳ ಮುಂದೆ ಲಾರಿ ಸಾಲು. ಮಿಕ್ಕ ದಿನ ಕಿಟಕಿಯಿಂದ ತೋಪು ನೋಡಿದರೆ ಸಾಕು, ಇಳಿಯಬೇಡಿ.

ಕೋಲಾರ

ಕೋಲಾರ ಹತ್ತಿರ ಬಂದಾಗ ಬಲಗಡೆ ನೋಡಿ, ಶತಶೃಂಗ ಬೆಟ್ಟ. ಅದರ ಮಡಿಲಿನಲ್ಲಿ ಅಂತರಗಂಗೆ. ಸ್ಟೇಷನ್ನಿನಿಂದ ಆಟೋದಲ್ಲಿ ಹೋಗಿ, ಮೆಟ್ಟಿಲು ಹತ್ತಿದರೆ ಕಾಶಿ ವಿಶ್ವೇಶ್ವರ ಗುಡಿ. ಅಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತಿರುತ್ತದೆ. ಅದರಾಚೆ ಬಂಡೆಗಳ ಸಂದಿ, ಗುಹೆ. ಗೊತ್ತಿರುವವರು ಜೊತೆಗಿಲ್ಲದೆ ಗುಹೆಗೆ ನುಗ್ಗಬೇಡಿ.

ಊರೊಳಗೆ ಕೋಲಾರಮ್ಮ, ಸೋಮೇಶ್ವರ ಎರಡೂ ಗುಡಿಗಳನ್ನು ನಡೆದೇ ನೋಡಬಹುದು. ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮ ಇದ್ದಾಳೆ, ಚೇಳಿನ ದೇವತೆ. ನೆಲದೊಳಗಿನ ಹುಂಡಿಗೆ ತೂತಿನ ಮೂಲಕ ಕಾಣಿಕೆ ಹಾಕಬೇಕು. ಹಾಕುವಾಗ ಚೇಳು ನೆನಪಾಗದೆ ಇರುವುದಿಲ್ಲ. ಸೋಮೇಶ್ವರದಲ್ಲಿ ಗೋಪುರ, ಕಲ್ಯಾಣ ಮಂಟಪ ಎರಡಕ್ಕೂ ಟೈಮ್ ಕೊಡಿ. ಊಟಕ್ಕೆ ಮುದ್ದೆ ಸಿಗುವ ಯಾವುದಾದರೂ ಸಣ್ಣ ಹೋಟೆಲ್ ಹುಡುಕಿ, ಉಪ್ಪುಸಾರು ಇದ್ದರೆ ನಿಮ್ಮ ಅದೃಷ್ಟ.

ಬಂಗಾರಪೇಟೆಯ ಮೇಲೆ ವಾಪಸ್

ಬಂದ ದಾರಿಯಲ್ಲೇ ಹಿಂದಕ್ಕೆ ಹೋಗಬೇಕಿಲ್ಲ. ಇದು ಗೊತ್ತಿರುವವರು ಕಮ್ಮಿ. ಬೆಳಗ್ಗೆ ಯಲಹಂಕದ ಕಡೆಯಿಂದ ಹತ್ತಿ, ಎಲ್ಲೂ ಇಳಿಯದೆ ಕೋಲಾರಕ್ಕೆ ಬಂದು, ಊಟ ಮಾಡಿ, ಅಲ್ಲಿಂದ ಬಂಗಾರಪೇಟೆಗೆ ಗಾಡಿಯಲ್ಲೋ ಬಸ್ಸಿನಲ್ಲೋ ಹೋಗಿ. ದೂರ ಹದಿನೆಂಟು ಕಿಲೋಮೀಟರ್ ಹತ್ತಿರ. ಬಂಗಾರಪೇಟೆ ಇರುವುದು ಬೆಂಗಳೂರು–ಜೋಲಾರ್‌ಪೇಟೆ ದೊಡ್ಡ ಮಾರ್ಗದಲ್ಲಿ. ಅಲ್ಲಿಂದ ವೈಟ್‌ಫೀಲ್ಡ್, ಕೆ.ಆರ್. ಪುರದ ಮೇಲೆ ಬೆಂಗಳೂರಿಗೆ ಗಾಡಿಗಳು ಬೇಕಾದಷ್ಟು. ಒಂದು ತಪ್ಪಿದರೆ ಇನ್ನೊಂದು. ಪೂರ್ತಿ ಸುತ್ತು ಹೊಡೆಯುವ ದಿನ ವಾಪಸ್ ಗಾಡಿಯ ತಲೆನೋವು ಇಲ್ಲದಿರುವುದು ಇದೊಂದೇ ಕಾರಣಕ್ಕೆ.

ಟಿಕೆಟ್ ತಗೊಳ್ಳುವ ಮುಂಚೆ ಸ್ಟೇಷನ್ ಹೊರಗೆ ಪಾನಿಪೂರಿ ತಿನ್ನಿ. ಬಂಗಾರಪೇಟೆ ಪಾನಿಪೂರಿಯ ಪಾನಿಗೆ ಬಣ್ಣವೇ ಇಲ್ಲ, ಕುಡಿಯುವ ನೀರಿನ ಹಾಗೆ ತಿಳಿಯಾಗಿರುತ್ತದೆ. ಬರೀ ನೀರು ಕೊಟ್ಟರು ಅಂದುಕೊಂಡು ಒಂದೇ ಸಲ ಗುಟುಕಿಸಬೇಡಿ, ಖಾರ ಆಮೇಲೆ ಗೊತ್ತಾಗುತ್ತದೆ. ನನ್ನ ಭಾವಮೈದ ಕೆಮ್ಮಿದ್ದು ಓವರ್‌ಬ್ರಿಡ್ಜ್ ಮೇಲಿನವರೆಗೂ ಕೇಳಿಸಿತ್ತು.

ಸಂಜೆ ಬೆಂಗಳೂರಿನ ಕಡೆ ಹೋಗುವ ಲೋಕಲ್ ಗಾಡಿಯಲ್ಲಿ ಸೀಟಿಗೆ ಅಷ್ಟು ಪರದಾಟ ಇರುವುದಿಲ್ಲ. ಕೆಜಿಎಫ್, ಬಂಗಾರಪೇಟೆಯಿಂದ ಬೆಳಗ್ಗೆ ಕೆಲಸಕ್ಕೆ ಹೋದವರೆಲ್ಲ ಆ ಹೊತ್ತಿಗೆ ಎದುರಿನ ಗಾಡಿಯಲ್ಲಿ ವಾಪಸ್ ಬರುತ್ತಿರುತ್ತಾರೆ. ಅವರು ಇಳಿದು ಪ್ಲಾಟ್‌ಫಾರಂ ಖಾಲಿಯಾಗುವವರೆಗೆ ಪಕ್ಕಕ್ಕೆ ನಿಂತಿರಿ, ಆಮೇಲೆ ನಿಧಾನಕ್ಕೆ ಹತ್ತಿ.